ಸಾರಿಗೆ ಏನು ಹಾಕಿದ್ದೀರಿ?

ಜಪಾನಿ ಊಟದ ಹೋಟೆಲಿಗೆ ಮೊದಲ ಸಲ ಹೋದಾಗ ನನ್ನ ಗೆಳತಿ ಶಿರಸಿ ಎರಡು ಬಟ್ಟಲು ಮಿಸೊ ಸಾರು, ಎಂದರೆ ಹುದುಗಿಸಿದ ಸೋಯಾ ಮುದ್ದೆಯ ಸಾರು, ಕುಡಿದಿದ್ದಳು. ಹೊರಗೆ ಮಳೆ, ಸಾರು ಹಬೆಯಾಡುತ್ತಿತ್ತು, ಮೆನುವಿನಲ್ಲಿ ಅದರ ಪಕ್ಕಕ್ಕೆ ಹಸಿರು ಚುಕ್ಕಿಯೂ ಇತ್ತು. ರಾತ್ರಿ ಮನೆಗೆ ಹೋಗಿ ಮೊಬೈಲಿನಲ್ಲಿ ಏನನ್ನೋ ಓದಿ ನನಗೆ ಕರೆ ಮಾಡಿದಳು. ಮರುದಿನ ಹೋಟೆಲಿಗೆ ಫೋನ್ ಮಾಡಿ ವಿಚಾರಿಸಿದರೆ, ಹೌದು, ಸಾರಿಗೆ ಆಧಾರವಾದ ದಾಶಿಯನ್ನು ಮಾಡುವುದೇ ಒಣಗಿಸಿದ ಬೊನಿಟೊ ಮೀನಿನ ಹೆರೆಯಿಂದ. ಬಟ್ಟಲಿನಲ್ಲಿ ಮೀನಿನ ತುಂಡು ಇರಲಿಲ್ಲವಲ್ಲ ಎಂಬುದು ಅವರ ವಾದ. ಶಿರಸಿ ಜಗಳಕ್ಕೆ ಹೋಗಲಿಲ್ಲ. "ರುಚಿಯಾಗಿತ್ತು ಕಣೇ, ನನ್ನ ಬೇಸರ ಅದೇ" ಎಂದಳಷ್ಟೆ.

ನಾವು ಐವರು ಹಾಸ್ಟೆಲಿನ ಗೆಳತಿಯರು. ಹೆಸರು ಬಿಟ್ಟು ಊರಿನಿಂದಲೇ ಕರೆಯುವ ಚಾಳಿ ಆಗಿನಿಂದ ಉಳಿದುಬಂದಿದೆ. ಶಿರಸಿ, ಮಂಗಳೂರು, ಹಾಸನ, ಧಾರವಾಡ, ಮತ್ತು ತುಮಕೂರಿನ ನಾನು. ಮೂರ್ನಾಲ್ಕು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಸೇರಿ ಊಟ ಮಾಡುತ್ತೇವೆ. ಶಿರಸಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಂಗಳೂರಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ಹಾಸನಕ್ಕೆ ಕೈಯಲ್ಲಿ ಕಲಸಿ ತಿಂದರೇ ತೃಪ್ತಿ. ಧಾರವಾಡದ್ದು ಮಾತ್ರ ದೈವದ ಕುಚೋದ್ಯ: ಶೇಂಗಾ ಹಿಂಡಿ, ಶೇಂಗಾ ಹೋಳಿಗೆಯ ನಾಡಿನಲ್ಲಿ ಹುಟ್ಟಿದವಳಿಗೆ ಶೇಂಗಾ ಅಲರ್ಜಿ. ಒಂದು ಬೀಜ ಬಾಯಿಗೆ ಹೋದರೆ ತುಟಿ ಊದುತ್ತದೆ; ಚೀಲದಲ್ಲಿ ಔಷಧಿ ಇಟ್ಟುಕೊಂಡೇ ತಿರುಗುತ್ತಾಳೆ. ಇಂಥ ಐವರಿಗೆ ಜಪಾನಿ ಮತ್ತು ಥಾಯ್ ಊಟ ಹೊಂದಿಸುವ ಹೊಣೆ ನನ್ನ ತಲೆಗೆ ಬಂತು. ಆ ಸಾರನ್ನು ಆರ್ಡರ್ ಮಾಡಿದವಳು ನಾನೇ ಆಗಿದ್ದೆನಲ್ಲ.

ಎರಡನೆಯ ಸಲಕ್ಕೆ ಇಂದಿರಾನಗರದ ಬೇರೊಂದು ಹೋಟೆಲ್ ಆರಿಸಿದೆ. ಎರಡು ದಿನ ಮುಂಚೆ ಮಧ್ಯಾಹ್ನ ಮೂರೂವರೆಗೆ ಫೋನ್ ಮಾಡಿದೆ. ಆ ಹೊತ್ತಿಗೆ ಊಟದ ಗದ್ದಲ ಇಳಿದಿರುತ್ತದೆ, ಕೇಳಿಕೊಂಡರೆ ಅಡುಗೆಯವರನ್ನೇ ಮಾತಿಗೆ ಕರೆಯುತ್ತಾರೆ. "ಸಸ್ಯಾಹಾರ ಸಿಗುತ್ತದೆಯೇ" ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಇಲ್ಲ ಎನ್ನುವ ಹೋಟೆಲನ್ನು ನಾನು ಬೆಂಗಳೂರಿನಲ್ಲಿ ಕಂಡಿಲ್ಲ. ಅವರು ಲೆಕ್ಕಕ್ಕೆ ಹಿಡಿಯುವುದು ಮೇಲೆ ಕಾಣುವ ತರಕಾರಿಯನ್ನು. ಅದಕ್ಕೇ ಒಂದೊಂದನ್ನೂ ಹೆಸರು ಹಿಡಿದು ಕೇಳಿದೆ. ದಾಶಿಗೆ ಏನು ಹಾಕುತ್ತೀರಿ? ಟೆಂಪುರದ ಹಿಟ್ಟಿನಲ್ಲಿ ಮೊಟ್ಟೆ ಇದೆಯೇ, ಸೀಗಡಿ ಕರಿದ ಎಣ್ಣೆಯಲ್ಲೇ ತರಕಾರಿಯನ್ನೂ ಕರಿಯುತ್ತೀರಾ? ಥಾಯ್ ಅಡುಗೆಗೆ ಉಪ್ಪಿನ ಜಾಗದಲ್ಲಿ ನಾಮ್ ಪ್ಲಾ ಎಂಬ ಮೀನಿನ ರಸ ಬಳಸುತ್ತೀರಾ? ಹಸಿರು ಕರಿಯ (ಗ್ರೀನ್ ಕರಿ) ಮಸಾಲೆಯಲ್ಲಿ ಕಪಿ ಇದೆಯೇ? ಈ ಕೊನೆಯ ಪ್ರಶ್ನೆಗೆ ಪಕ್ಕದಲ್ಲಿ ಕೂತಿದ್ದ ನನ್ನ ಮಗ ಕಿಸಕ್ಕೆಂದ. ಕಪಿ ಎಂದರೆ ಸೀಗಡಿಯನ್ನು ಉಪ್ಪಿನಲ್ಲಿ ಹುದುಗಿಸಿ ಅರೆದ ಮುದ್ದೆ. ಮಸಾಲೆಯಲ್ಲಿ ಕರಗಿಹೋದ ಮೇಲೆ ಕಣ್ಣಿಗೆ ಬೀಳುವುದಿಲ್ಲ.

ಆ ಕಡೆ ಇದ್ದ ಅಡುಗೆಯವರು ಮಣಿಪುರದವರು. ಮಾತು ಹಿಂದಿಯಲ್ಲಿ ನಡೆಯಿತು. ಇಷ್ಟೊಂದು ಪ್ರಶ್ನೆಗೆ ಸಿಡುಕಬಹುದು ಎಂದುಕೊಂಡಿದ್ದೆ. ಅವರಿಗೆ ಹುರುಪೇ ಬಂತು. ತಮ್ಮ ಮನೆಯಲ್ಲೂ ಹುದುಗಿಸಿದ ಮೀನಿಲ್ಲದೆ ಅಡುಗೆ ಇಲ್ಲವೆಂದೂ, ಅದು ಎಲ್ಲೆಲ್ಲಿ ಅಡಗಿ ಕೂರುತ್ತದೆಂದು ತಮಗೆ ಚೆನ್ನಾಗಿ ಗೊತ್ತೆಂದೂ ಹೇಳಿದರು. ಮೀನಿಲ್ಲದ ದಾಶಿಯೂ ಇದೆಯಂತೆ: ಕೊಂಬು ಎಂಬ ಸಮುದ್ರದ ಪಾಚಿಯನ್ನೂ ಒಣ ಶಿಟಾಕೆ ಅಣಬೆಯನ್ನೂ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿದರೆ ಸಾಕು. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ನಡೆದುಬಂದಿರುವುದು ಇದೇ. ಹಿಂದಿನ ದಿನ ಹೇಳಿದರೆ ನೆನೆಹಾಕಿಡುತ್ತೇನೆ ಎಂದರು. ಥಾಯ್ ಅಡುಗೆ ಹೇಗೆ, 'ಜೇ' ಬೇಕೇ ಎಂದೂ ಕೇಳಿದರು. ಜೇ ಎಂದರೆ ಮೀನಿನ ರಸವೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ಹೆಚ್ಚುಕಡಿಮೆ ನಮ್ಮ ಮಡಿ ಅಡುಗೆ. ಅಷ್ಟು ದೂರ ಹೋಗಬೇಕಿಲ್ಲ ಎಂದೆ. ಶಿರಸಿ ಬೆಳ್ಳುಳ್ಳಿ ತಿನ್ನುತ್ತಾಳೆ. ಅಣಬೆಯನ್ನೂ ತಿನ್ನುತ್ತಾಳೆ, ಅಮ್ಮನಿಗೆ ಮಾತ್ರ ಹೇಳುವುದಿಲ್ಲ.

ಊಟದ ದಿನ ಜಪಾನಿ ಪದಾರ್ಥಗಳನ್ನು ಮೊದಲು ಹೇಳಿ, ಥಾಯ್ ಪದಾರ್ಥಗಳನ್ನು ಮುಕ್ಕಾಲು ಗಂಟೆ ಬಿಟ್ಟು ಹೇಳಿದೆ. ಒಮ್ಮೆ ತೆಂಗಿನಹಾಲು, ಹಸಿಮೆಣಸು ನಾಲಿಗೆಗೆ ಹತ್ತಿತೆಂದರೆ ಹಸಿ ಸಾಲ್ಮನ್ ಮೀನಿನ ರುಚಿ ಯಾರಿಗೂ ತಿಳಿಯುವುದಿಲ್ಲ. ಮೊದಲು ಬಂದದ್ದು ಮೊಟ್ಟೆಯಿಲ್ಲದ ತರಕಾರಿ ಟೆಂಪುರ. ಅದರ ಜೊತೆ ಕೊಡುವ ತಿಳಿಸಾಸಿನಲ್ಲೂ ದಾಶಿ ಇರುತ್ತದೆ, ಹಾಗಾಗಿ ಬರೀ ಉಪ್ಪು ಕೇಳಿಕೊಂಡೆವು. "ಇದು ನಮ್ಮ ಬಜ್ಜಿ" ಎಂದಳು ಹಾಸನ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರಿಂದ ಜಪಾನಿಗೆ ಬಂದದ್ದು ಎಂದು ನಾನು ವಿದ್ವತ್ತು ತೋರಿಸಲು ಹೋದೆ. ಅಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

ಅಗೆದಾಶಿ ತೋಫು ಎಂಬ ಕರಿದ ಸೋಯಾ ಪನೀರಿನ ತಿಳಿಸಾರಿನಲ್ಲಿ ದಾಶಿ ಇದೆ, ಅದು ಮಂಗಳೂರಿನ ಪಾಲು. ಮೇಲೆ ಉದುರಿಸಿದ ಬೊನಿಟೊ ಹೆರೆ ಈರುಳ್ಳಿ ಸಿಪ್ಪೆಗಿಂತ ತೆಳುವು. ಕೆಳಗಿನ ಬಿಸಿಗೆ ಅದು ಮೆಲ್ಲನೆ ಎದ್ದು, ಮಗುಚಿ, ಮತ್ತೆ ಎದ್ದು ಆಡುತ್ತಲೇ ಇತ್ತು. "ಇದಕ್ಕೆ ಇನ್ನೂ ಜೀವ ಇದೆ ಮಾರಾಯ್ತಿ" ಎಂದು ಮಂಗಳೂರು ಕೈ ಹಿಂದಕ್ಕೆಳೆದಳು. ಮೂಗಿನ ಹತ್ತಿರ ತಂದು ನೋಡಿದ ಮೇಲೆ ಮುಖ ಅರಳಿತು. ಅವಳಿಗೆ ಒಣಮೀನಿನ ವಾಸನೆ ಎಂದರೆ ಅಜ್ಜಿಯ ಅಡುಗೆಮನೆ.

ವಸಾಬಿ ಎಂಬ ಘಾಟಿನ ಹಸಿರು ಮುದ್ದೆಯನ್ನು ಚಟ್ನಿ ಎಂದುಕೊಂಡು ಬಾಯಿಗೆ ಹಾಕಿಕೊಂಡ ಕಥೆ ಎಲ್ಲರ ಬಳಿಯೂ ಇರುತ್ತದೆ, ನಮ್ಮದನ್ನು ಬಿಟ್ಟುಬಿಡುತ್ತೇನೆ. ಅದನ್ನು ಅಳುಕಿಲ್ಲದೆ ತಿಂದವಳು ಶಿರಸಿ ಎಂಬುದನ್ನು ಮಾತ್ರ ಹೇಳಬೇಕು. ಹಸಿ ಸಾಸಿವೆ ಅರೆದು ಮೊಸರಿಗೆ ಹಾಕುವ ಸಾಸ್ಮೆ ಉಂಡು ಬೆಳೆದವಳು. ವಸಾಬಿಯ ಘಾಟೂ ಸಾಸಿವೆಯ ಘಾಟೂ ಒಂದೇ ಜಾತಿಯವು, ನಾಲಿಗೆ ಬಿಟ್ಟು ಮೂಗಿಗೆ ಏರುತ್ತವೆ.

ಹಾಸನ ಕಡ್ಡಿಗಳೊಂದಿಗೆ ಹತ್ತು ನಿಮಿಷ ಗುದ್ದಾಡಿದಳು. ಅನ್ನದ ಮೇಲೆ ಮೀನಿಟ್ಟು ಒತ್ತಿದ ನಿಗಿರಿ ಸುಶಿಯನ್ನು ಕೈಯಲ್ಲಿ ತಿನ್ನುವುದು ಜಪಾನಿನಲ್ಲೂ ತಪ್ಪಲ್ಲ ಎಂದ ಕೂಡಲೇ ನಿರಾಳವಾದಳು. ಅನ್ನದ ಕಡೆಯನ್ನಲ್ಲ, ಮೀನಿನ ಕಡೆಯನ್ನು ಸೋಯಾ ಸಾಸಿಗೆ ತಾಗಿಸಬೇಕು. ಇಲ್ಲದಿದ್ದರೆ ಅನ್ನ ಸಾಸಿನಲ್ಲಿ ಬಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಎರಡೂ ಕಡ್ಡಿಗಳನ್ನು ಪಕ್ಕದ ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ಚುಚ್ಚಿ ಫೋನ್ ತೆಗೆದುಕೊಂಡಳು. ನಾನು ಥಟ್ಟನೆ ಎಳೆದು ಕೆಳಗಿಟ್ಟೆ. ಜಪಾನಿನಲ್ಲಿ ಹಾಗೆ ಕಡ್ಡಿ ನೆಟ್ಟ ಅನ್ನವನ್ನು ಇಡುವುದು ಸತ್ತವರ ಮುಂದೆ. "ಪಿಂಡ" ಎಂದಳು ಶಿರಸಿ, ಒಂದೇ ಮಾತಿನಲ್ಲಿ. ಹೆಚ್ಚಿಗೆ ವಿವರಿಸುವ ಅಗತ್ಯ ಬೀಳಲಿಲ್ಲ.

ಥಾಯ್ ಸರದಿಗೆ ಕಡ್ಡಿಗಳನ್ನು ತೆಗೆಸಿದೆವು. ಅಲ್ಲಿ ಅನ್ನ ಉಣ್ಣುವುದು ಚಮಚದಲ್ಲಿ, ಫೋರ್ಕ್ ಇರುವುದು ಅನ್ನವನ್ನು ಚಮಚಕ್ಕೆ ತಳ್ಳುವುದಕ್ಕಷ್ಟೆ. ಕಪಿ ಹಾಕದೆ ಅರೆದ ಹಸಿರು ಕರಿ ಬಂತು. ಶಿರಸಿ ಬಟ್ಟಲಿನ ಮೇಲೆ ಬಗ್ಗಿ "ಮಜ್ಜಿಗೆ ಹುಲ್ಲು!" ಎಂದಳು. ಮಜ್ಜಿಗೆ ಹುಲ್ಲು ಎಂದರೆ ಲೆಮನ್ ಗ್ರಾಸ್, ಅವರ ಮನೆಯ ಹಿತ್ತಲಲ್ಲಿ ಕಷಾಯಕ್ಕೆಂದು ಬೆಳೆಸಿದ್ದಾರೆ. ಮಸ್ಸಮನ್ ಕರಿಯಲ್ಲಿ ಶೇಂಗಾ ಇರುತ್ತದೆ, ಮೊದಲೇ ಕೈಬಿಟ್ಟಿದ್ದೆ. ಶೇಂಗಾ ಹಾಕಿ ಒರಳಿನಲ್ಲಿ ಕುಟ್ಟುವ ಪರಂಗಿಕಾಯಿಯ ಸೋಮ್ ತಾಮ್ ಸಲಾಡನ್ನೂ ಬಿಟ್ಟೆ, ಒರಳು ತೊಳೆದು ಕೊಡುತ್ತೇವೆ ಎಂದರೂ ನನಗೆ ಧೈರ್ಯ ಬರಲಿಲ್ಲ.

ಇಷ್ಟಾದರೂ ಎಡವಟ್ಟು ತಪ್ಪಲಿಲ್ಲ. ಧಾರವಾಡಕ್ಕೆಂದು ಹೇಳಿದ ಪ್ಯಾಡ್ ಥಾಯ್ ನೂಡಲ್ಸ್ ಮೇಲೆ ಕುಟ್ಟಿದ ಶೇಂಗಾ ಧಾರಾಳವಾಗಿ ಬಿದ್ದಿತ್ತು. ಬಡಿಸುವ ಹುಡುಗ ಪಾಪ, "ಮೇಲಿನದನ್ನು ತೆಗೆದುಕೊಡುತ್ತೇನೆ ಮೇಡಂ" ಎಂದ. ಬೇಡ, ತೊಳೆದ ಬಾಣಲೆಯಲ್ಲಿ ಹೊಸದಾಗಿ ಮಾಡಿಸಿ ಎಂದೆ. ಬೀಜ ತೆಗೆದರೂ ಪುಡಿ ಉಳಿಯುತ್ತದೆ. ಧಾರವಾಡಕ್ಕೆ ಸಂಕೋಚ. "ಇರಲಿ ಬಿಡು, ನಾನು ಕರಿ ಅನ್ನ ಉಣ್ಣುತ್ತೇನೆ" ಎಂದು ನನ್ನ ಸೆರಗು ಎಳೆಯುತ್ತಿದ್ದಳು. ಜೀವಮಾನವಿಡೀ ಮದುವೆ ಮನೆಗಳಲ್ಲಿ ಹೀಗೆಯೇ ಹೇಳಿ ಬರೀ ಮೊಸರನ್ನ ಉಂಡು ಎದ್ದವಳು. ಹದಿನೈದು ನಿಮಿಷಕ್ಕೆ ಹೊಸ ತಟ್ಟೆ ಬಂತು. ಮೊದಲಿನದು ಮಂಗಳೂರಿಗೆ ಸಂದಿತು, ಮೇಜಿನ ಆ ತುದಿಯಲ್ಲಿ.

ಮಿಸೊ ಸಾರು ಬಂದದ್ದು ಕೊನೆಗೆ, ಅಡುಗೆಯವರೇ ತಂದರು. ಎರಡು ದಿನದ ಹಿಂದಿನ ಮಾತನ್ನು ನೆನಪಿಟ್ಟುಕೊಂಡು ಕೊಂಬು ನೆನೆಹಾಕಿದ್ದರು. ಶಿರಸಿ ಬಟ್ಟಲನ್ನು ಮುಟ್ಟದೆ ನನ್ನ ಮುಖ ನೋಡಿದಳು. ನನಗೇನು ತಿಳಿಯುತ್ತದೆ, ತುಮಕೂರಿನವಳಿಗೆ? ಬಟ್ಟಲನ್ನು ಮಂಗಳೂರಿನ ಕಡೆ ತಳ್ಳಿದೆ. ಅವಳು ಎಂಜಲಾಗದಂತೆ ಹೊಸ ಚಮಚದಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, ಮತ್ತೊಮ್ಮೆ ನೆಕ್ಕಿ ತೀರ್ಪು ಕೊಟ್ಟಳು.

"ಇದರಲ್ಲಿ ಮೀನಿಲ್ಲ. ಕುಡಿ ಮಾರಾಯ್ತಿ."

ಶಿರಸಿ ಕುಡಿದಳು. ಅರ್ಧ ಬಟ್ಟಲಾದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಅಡುಗೆಯವರಿಗೆ ಕೇಳಿಸದ ಹಾಗೆ ಹೇಳಿದಳು: "ಚೆನ್ನಾಗಿದೆ. ಹೋದ ಸಲದಷ್ಟು ಇಲ್ಲ."