ರಕ್ತದಲ್ಲಿ ಸಿಒಪಿಡಿಯ ಹಂತ ಹುಡುಕುವಾಗ ನಾನು ಕಂಡದ್ದು

ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಹೊರಬಿಡಲು ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇದೆಯೋ ಇಲ್ಲವೋ ಎಂಬುದನ್ನು ಇವತ್ತಿಗೂ ಹೇಳುವುದು ಊದಿಸಿ ಗಾಳಿ ಅಳೆಯುವ ಪರೀಕ್ಷೆ, ಸ್ಪೈರೊಮೆಟ್ರಿಯೇ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟು ಊದಿಸುತ್ತೇವೆ. ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ಅಡಚಣೆ ಇದೆ. ಆ ಮೊದಲ ಸೆಕೆಂಡಿನ ಗಾಳಿ, ಅಂದರೆ ಎಫ್‌ಇವಿ1, ನಿರೀಕ್ಷಿತ ಮಟ್ಟದ ಶೇ. 80, 50, 30ರ ಗೆರೆಗಳಲ್ಲಿ ಎಲ್ಲಿ ನಿಂತಿದೆ ಎಂಬುದರ ಮೇಲೆ ನಾಲ್ಕು ಹಂತ. ಆದರೆ ಒಂದೇ ಎಫ್‌ಇವಿ1 ಇರುವ ಇಬ್ಬರಲ್ಲಿ ಒಬ್ಬರು ಮೆಟ್ಟಿಲು ಹತ್ತುತ್ತಾರೆ, ಇನ್ನೊಬ್ಬರಿಗೆ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಏದುಸಿರು. ಈ ಅಂತರ ರಕ್ತದ ಸಣ್ಣ ಅಣುಗಳಲ್ಲಿ ಕಾಣುತ್ತದೆಯೇ ಎಂದು ನೋಡಲು ನಾನು ಈ ಕೆಲಸಕ್ಕೆ ಇಳಿದೆ.

ಯಾರಾದರೂ ಇದನ್ನು ಶುರು ಮಾಡುವುದಿದ್ದರೆ ಯಂತ್ರದ ಬಗ್ಗೆ ಆಮೇಲೆ ಯೋಚಿಸಿ; ಮೊದಲು ಟ್ಯೂಬ್ ನೋಡಿ. ಸೂಜಿಯಿಂದ ಹೊರಬಂದ ಮೇಲೂ ರಕ್ತಕಣಗಳು ಸುಮ್ಮನಿರುವುದಿಲ್ಲ. ಕೋಣೆಯ ಉಷ್ಣಾಂಶದಲ್ಲಿಟ್ಟರೆ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಗ್ಲೂಕೋಸ್ ತಿಂದು ಲ್ಯಾಕ್ಟೇಟ್ ಬಿಡುತ್ತವೆ. ಕೆಂಪುಕಣ ಒಡೆದರೆ ಅದರೊಳಗಿನ ಆರ್ಜಿನೇಸ್ ಕಿಣ್ವ ಆರ್ಜಿನಿನ್ ಅನ್ನು ಆರ್ನಿಥಿನ್ ಮಾಡಿಬಿಡುತ್ತದೆ. ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಉಪವಾಸದಲ್ಲಿ ಬಂದವರ ರಕ್ತ ಬೇಗ ಸೆಂಟ್ರಿಫ್ಯೂಜ್, ಅಂದರೆ ರಕ್ತವನ್ನು ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಯಂತ್ರ, ತಲುಪುತ್ತದೆ. ವಾರ್ಡಿನಲ್ಲಿ ಮಲಗಿರುವ, ನರ ಸಿಗದೆ ಎರಡೆರಡು ಕಡೆ ಚುಚ್ಚಿಸಿಕೊಂಡವರ ರಕ್ತ ಕಾಯುತ್ತದೆ. ಅಂದರೆ ರೋಗ ತೀವ್ರವಾದಷ್ಟೂ ಮಾದರಿ ಕೆಡುವ ಸಾಧ್ಯತೆ ಹೆಚ್ಚು. ಆಗ ಲ್ಯಾಕ್ಟೇಟ್ ಹಂತದಿಂದ ಹಂತಕ್ಕೆ ಚೆಂದವಾಗಿ ಏರುವ ಗೆರೆ ಬರುತ್ತದೆ, ಅದು ಶ್ವಾಸಕೋಶದ ಗೆರೆಯಲ್ಲ. ಹಾಗಾಗಿ ರಕ್ತ ತೆಗೆದ ಸಮಯ, ಪ್ಲಾಸ್ಮಾ (ರಕ್ತದ ದ್ರವ ಭಾಗ) ಬೇರ್ಪಡಿಸಿದ ಸಮಯ ಎರಡನ್ನೂ ಪ್ರತಿ ಟ್ಯೂಬಿನ ಮೇಲೆ ಬರೆಸುತ್ತೇನೆ. ಐಸ್ ಮೇಲಿಟ್ಟು, ಬೇಗ ತಿರುಗಿಸಿ, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಗೆ ಹಾಕುತ್ತೇವೆ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ. ಕೆಂಪುಕಣ ಒಡೆದು ಕೆಂಪಗೆ ಕಾಣುವ ಪ್ಲಾಸ್ಮಾವನ್ನು, ಎಷ್ಟೇ ಅಪರೂಪದ ರೋಗಿಯದಾಗಿರಲಿ, ಬದಿಗಿಡುತ್ತೇನೆ.

ಮುಂದಿನದು ರೂಢಿಯ ಕೆಲಸ. ತಣ್ಣನೆಯ ಮೆಥನಾಲ್ ಹಾಕಿ ಪ್ರೋಟೀನ್ ತೆಗೆದು, ಐಸೊಟೋಪ್ ಗುರುತಿನ ಮಾನಕ (ಹೋಲಿಕೆಗಾಗಿ ಹಾಕುವ, ಪ್ರಮಾಣ ಗೊತ್ತಿರುವ ಅಣು) ಸೇರಿಸಿ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಡುವುದು. ಎಲ್ಲ ಮಾದರಿಗಳಿಂದ ತುಸು ತುಸು ತೆಗೆದು ಬೆರೆಸಿದ ಒಂದು ಮಿಶ್ರಣವನ್ನು ನಡುನಡುವೆ ಓಡಿಸಿದರೆ ಯಂತ್ರ ಜಾರುತ್ತಿರುವುದು ತಿಳಿಯುತ್ತದೆ. ಆರೋಗ್ಯವಂತರನ್ನೆಲ್ಲ ಒಂದು ದಿನ, ರೋಗಿಗಳನ್ನೆಲ್ಲ ಇನ್ನೊಂದು ದಿನ ಓಡಿಸುವುದಂತೂ ಬೇಡವೇ ಬೇಡ.

ಫಲಿತಾಂಶದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕವಲು ಸರಪಳಿಯ ಅಮೈನೋ ಆಮ್ಲಗಳು: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ತೀವ್ರ ಹಂತದಲ್ಲಿ, ಅದರಲ್ಲೂ ಮೈ ಸೊರಗಿದವರಲ್ಲಿ, ಇವು ಕಡಿಮೆ ಎಂದು ಬೇರೆಯವರೂ ಕಂಡಿದ್ದಾರೆ. ಆದರೆ ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ ಇರುವವರಲ್ಲಿ ಇದೇ ಅಣುಗಳು ಏರುತ್ತವೆ. ದಪ್ಪ ರೋಗಿ, ಸಣಕಲು ರೋಗಿ ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ದೇಹದ ಕೊಬ್ಬಿಲ್ಲದ ತೂಕವನ್ನು ಅಳೆದು ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಚಿತ್ರ ತಿಳಿಯಾದದ್ದು. ಈ ಅಣುಗಳು ಹೆಚ್ಚಾಗಿ ಮಾಂಸಖಂಡದ ಕಥೆ ಹೇಳುತ್ತಿವೆ ಎಂಬುದು ನನ್ನ ಅಭಿಪ್ರಾಯ, ಮತ್ತು ಅದು ಸಣ್ಣ ವಿಷಯವಲ್ಲ. ಸ್ಪೈರೊಮೆಟ್ರಿ ಆ ಸೊರಗುವಿಕೆಯನ್ನು ನೋಡುವುದೇ ಇಲ್ಲ.

ಔಷಧಿಯ ನೆರಳು ಇನ್ನೂ ಕಷ್ಟದ್ದು. ಇನ್‌ಹೇಲರ್‌ನಲ್ಲಿ ಸೇದುವ ಸ್ಟೀರಾಯ್ಡ್ ದೇಹದ ಸ್ವಂತ ಹಾರ್ಮೋನುಗಳಾದ ಕಾರ್ಟಿಸಾಲ್ ಮತ್ತು ಡಿಎಚ್‌ಇಎ ಸಲ್ಫೇಟ್ ಅನ್ನು ತಗ್ಗಿಸಬಲ್ಲದು. ಅದನ್ನು ಹೆಚ್ಚು ಪಡೆಯುವವರು ಮೂರನೇ, ನಾಲ್ಕನೇ ಹಂತದವರು. ಕಂಪ್ಯೂಟರಿಗೆ ಬಿಟ್ಟರೆ ಇವೆರಡನ್ನೇ ಹಂತದ ಗುರುತು ಎಂದು ಆರಿಸಿ ಕೊಡುತ್ತದೆ. ಅದು ಓದಿದ್ದು ವೈದ್ಯರ ಔಷಧಿ ಚೀಟಿಯನ್ನು. ಧೂಮಪಾನದ ಬಗ್ಗೆ ಬಾಯಿಮಾತಿನ ಉತ್ತರವೊಂದನ್ನೇ ನೆಚ್ಚದೆ ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಉಳಿಯುವ ಕೊಟಿನಿನ್ ಅನ್ನೂ ಅಳೆಯುತ್ತೇನೆ.

ಲೆಕ್ಕದಲ್ಲಿ ನಾನು ಬಿಡದ ಹಠ ಎರಡು. ನಾಲ್ಕು ಹಂತಗಳನ್ನು ನಾಲ್ಕು ಡಬ್ಬಿ ಮಾಡದೆ ಎಫ್‌ಇವಿ1 ಅನ್ನು ಹಾಗೆಯೇ ಸಂಖ್ಯೆಯಾಗಿ ಇಡುತ್ತೇನೆ, ಏಕೆಂದರೆ ಶೇ. 49 ಮತ್ತು 51ರ ನಡುವೆ ರೋಗ ಬದಲಾಗುವುದಿಲ್ಲ. ಇನ್ನೊಂದು, ನೂರಾರು ಅಣು, ಕೆಲವೇ ರೋಗಿಗಳು ಇದ್ದಾಗ ಗುಂಪುಗಳನ್ನು ಅಂದವಾಗಿ ಬೇರೆ ಮಾಡಿ ತೋರಿಸುವ ಚಿತ್ರವನ್ನು ನಾನು ನಂಬುವುದಿಲ್ಲ. ರೋಗಿ, ಆರೋಗ್ಯವಂತ ಎಂಬ ಹೆಸರುಚೀಟಿಗಳನ್ನು ಕಲಸಿ ಮತ್ತೆ ಮತ್ತೆ ಓಡಿಸಿದಾಗಲೂ ಅಷ್ಟೇ ಅಂದದ ಚಿತ್ರ ಬಂದರೆ ಆ ಗುರುತಿಗೆ ಅರ್ಥವಿಲ್ಲ. ಬೇರೆ ಆಸ್ಪತ್ರೆಯ ರೋಗಿಗಳಲ್ಲೂ ನಿಂತರೆ ಮಾತ್ರ ಮುಂದಿನ ಮಾತು.

ಈಗ ನನ್ನ ಗಮನವಿರುವುದು ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಮೈನೋ ಆಮ್ಲದ ಮೇಲೆ. ಉರಿಯೂತ ಏರಿದಾಗ ಐಡಿಒ ಎಂಬ ಕಿಣ್ವ ಅದನ್ನು ಕೈನುರೆನಿನ್ ಎಂಬ ಬೇರೆ ಅಣುವಿನ ಕಡೆಗೆ ತಿರುಗಿಸುತ್ತದೆ, ಎರಡರ ಅನುಪಾತ ಬದಲಾಗುತ್ತದೆ. ಅದೇ ರೋಗಿಯಿಂದ ಉಸಿರಾಟ ಉಲ್ಬಣಿಸಿದಾಗ ಒಮ್ಮೆ, ಚೇತರಿಸಿಕೊಂಡ ಮೇಲೆ ಇನ್ನೊಮ್ಮೆ ರಕ್ತ ಪಡೆದು ಹೋಲಿಸುತ್ತಿದ್ದೇವೆ. ವಯಸ್ಸು, ಲಿಂಗ, ಹಳೆಯ ಕಾಯಿಲೆಗಳು ಎರಡೂ ಟ್ಯೂಬಿನಲ್ಲಿ ಒಂದೇ ಆಗಿರುವುದರಿಂದ ವ್ಯತ್ಯಾಸ ಓದುವುದು ಸುಲಭ. ಉಲ್ಬಣದಲ್ಲಿ ಕೊಡುವ ಸ್ಟೀರಾಯ್ಡ್ ಮಾತ್ರೆಯೊಂದು ಅಡ್ಡ ಬರುತ್ತದೆ, ಅದಕ್ಕೇ ಮೊದಲ ಮಾತ್ರೆಗೂ ಮುಂಚೆ ರಕ್ತ ತೆಗೆಯುವಂತೆ ತುರ್ತು ವಿಭಾಗದವರನ್ನು ಕೇಳಿಕೊಂಡಿದ್ದೇವೆ, ಚಿಕಿತ್ಸೆ ಒಂದು ಕ್ಷಣವೂ ತಡವಾಗಬಾರದು ಎಂಬ ಷರತ್ತಿನ ಮೇಲೆ.