ವಾಸ್ಕೋದಲ್ಲಿ ಕೂತು ವಕೀಲರ ನಾಮಪತ್ರ ತಯಾರಿಸುವುದು

ಗೋವಾ ವಿಧಾನಸಭೆಗೆ ನಿಲ್ಲುವ ವಕೀಲರ ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಕಕ್ಷಿದಾರರ ಅಫಿಡವಿಟ್ಟಿನಲ್ಲಿ ಅಲ್ಪವಿರಾಮವನ್ನೂ ಬಿಡದ ಇವರು ತಮ್ಮದೇ ಅಫಿಡವಿಟ್ಟಿನಲ್ಲಿ ಖಾನೆಗಳನ್ನು ಖಾಲಿ ಬಿಟ್ಟು ಬರುತ್ತಾರೆ.

ಮೊದಲು ಮತದಾರರ ಪಟ್ಟಿ. ಅಭ್ಯರ್ಥಿಯ ಹೆಸರು ಗೋವಾದ 40 ಕ್ಷೇತ್ರಗಳಲ್ಲಿ ಎಲ್ಲಿದ್ದರೂ ಸಾಕು; ನಿಲ್ಲುವ ಕ್ಷೇತ್ರ ಬೇರೆಯಾದರೆ ಪಟ್ಟಿಯ ದೃಢೀಕೃತ ನಕಲು ಲಗತ್ತಿಸಬೇಕು. ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವ ಸೂಚಕರು ಮಾತ್ರ ಅದೇ ಕ್ಷೇತ್ರದವರಿರಬೇಕು: ಮಾನ್ಯತೆ ಪಡೆದ ಪಕ್ಷಕ್ಕೆ ಒಬ್ಬರು, ಪಕ್ಷೇತರರಿಗೆ 10 ಮಂದಿ. ವಾಸ್ಕೋ ಸುತ್ತಲಿನ ಬೈನಾ, ಝುವಾರಿನಗರದ ನಮ್ಮ ಕನ್ನಡಿಗರು ಪ್ರೀತಿಯಿಂದ ಸಹಿ ಹಾಕಲು ಬರುತ್ತಾರೆ, ಹೆಸರು ಇನ್ನೂ ವಿಜಯಪುರದ ಪಟ್ಟಿಯಲ್ಲೇ ಇರುತ್ತದೆ. ಆಧಾರ್ ಕಾರ್ಡ್ ನೋಡಿ ಒಪ್ಪಬೇಡಿ. ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ತಾಳೆ ನೋಡಿ.

ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಚೆಕ್ ನಡೆಯುವುದಿಲ್ಲ. ಲಂಬಾಣಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗೋವಾದ ಪಟ್ಟಿಯಲ್ಲಿಲ್ಲ. ಕರ್ನಾಟಕದ ಪ್ರಮಾಣಪತ್ರ ಹಿಡಿದು ವಾದಕ್ಕಿಳಿಯುವ ಬದಲು ನಾನು ಪೂರ್ತಿ ಹಣ ಕಟ್ಟಿಸುತ್ತೇನೆ.

ಸರ್ಕಾರಿ ವಕೀಲರಾಗಿದ್ದರೆ ರಾಜೀನಾಮೆ ಕೊಟ್ಟರೆ ಸಾಲದು, ಅಂಗೀಕಾರದ ಪತ್ರ ಕೈಯಲ್ಲಿರಬೇಕು. ರೈಲ್ವೆ ಪ್ಯಾನೆಲ್ ವಕೀಲಿಯನ್ನೂ ಸುಪ್ರೀಂ ಕೋರ್ಟ್ ಲಾಭದಾಯಕ ಹುದ್ದೆ, ಅಂದರೆ ಅದರಲ್ಲಿದ್ದುಕೊಂಡು ಚುನಾವಣೆಗೆ ನಿಲ್ಲುವಂತಿಲ್ಲದ ಹುದ್ದೆ, ಎಂದದ್ದಿದೆ.

ಹೆಚ್ಚು ಹೊತ್ತು ತಿನ್ನುವುದು ನಮೂನೆ 26, ಅಂದರೆ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟು. ತನ್ನ, ಹೆಂಡತಿಯ, ಅವಲಂಬಿತರ ಆಸ್ತಿ, ಸಾಲ, 5 ವರ್ಷದ ಆದಾಯ ತೆರಿಗೆ ರಿಟರ್ನ್ಸ್, ಕ್ರಿಮಿನಲ್ ಕೇಸು, ಎಲ್ಲವೂ ಇಲ್ಲಿ. ಗೆರೆ ಎಳೆಯಬಾರದು, ಖಾಲಿ ಬಿಡಬಾರದು. 'ನಿಲ್' ಅಥವಾ 'ನಾಟ್ ಅಪ್ಲಿಕೇಬಲ್' ಎಂದೇ ಬರೆಯಬೇಕು. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ, ಚುನಾವಣಾಧಿಕಾರಿ ನೋಟಿಸ್ ಕೊಟ್ಟ ಮೇಲೂ ಖಾಲಿ ಇದ್ದರೆ ನಾಮಪತ್ರ ತಿರಸ್ಕೃತ. ಪ್ರತಿ ಪುಟದಲ್ಲೂ ಅಭ್ಯರ್ಥಿಯ ಸಹಿ, ಪ್ರಮಾಣ ಮಾಡಿಸಿದ ನೋಟರಿಯ ಅಥವಾ ಅಧಿಕಾರಿಯ ಮೊಹರು ಬೇಕು. ತಾನೇ ನೋಟರಿಯಾಗಿರುವ ವಕೀಲರು ತಮ್ಮ ಅಫಿಡವಿಟ್ಟಿಗೆ ತಾವೇ ಮೊಹರು ಹಾಕಿಕೊಳ್ಳುವಂತಿಲ್ಲ.

ಗೋವಾದಲ್ಲಿರುವ ತೊಡಕು ಇನ್ನೊಂದು. ಪೋರ್ಚುಗೀಸ್ ಸಿವಿಲ್ ಕೋಡ್ (ಪೋರ್ಚುಗೀಸರ ಕಾಲದಿಂದ ಉಳಿದುಬಂದ ಕೌಟುಂಬಿಕ ಕಾನೂನು) ಅನ್ವಯಿಸುವ ದಂಪತಿಗೆ 1961ರ ಆದಾಯ ತೆರಿಗೆ ಕಾಯ್ದೆಯ 5ಎ ಕಲಮಿನ ಪ್ರಕಾರ ಸಂಬಳ ಬಿಟ್ಟು ಉಳಿದ ಆದಾಯ ಅರ್ಧರ್ಧ. ವಕೀಲಿ ಫೀಸಿನ ಅರ್ಧ ಹೆಂಡತಿಯ ರಿಟರ್ನ್ಸಿನಲ್ಲಿರುತ್ತದೆ. ಉದ್ಯೋಗದ ಖಾನೆಯಲ್ಲಿ 'ಗೃಹಿಣಿ' ಎಂದು ಬರೆದು ಸುಮ್ಮನಾದರೆ ಎದುರಾಳಿ ಬಿಟ್ಟಾನೆಯೇ? ಆದಾಯದ ಮೂಲದ ಖಾನೆಯಲ್ಲಿ 5ಎ ಹಂಚಿಕೆ ಎಂದು ನಾನು ಬಿಡಿಸಿ ಬರೆಸುತ್ತೇನೆ. ಮದುವೆ ಹುಬ್ಬಳ್ಳಿಯಲ್ಲಾದವರಿಗೂ ಇದೇ ಲೆಕ್ಕ ಎಂದುಕೊಳ್ಳಬಾರದು, ಮೊದಲು ರಿಟರ್ನ್ಸ್ ತೆಗೆಸಿ ನೋಡಬೇಕು.

ಸಲ್ಲಿಕೆ ಬೆಳಗ್ಗೆ 11ರಿಂದ ಮಧ್ಯಾಹ್ನ 3. ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ತಿಳಿಸುವ ಎ, ಬಿ ಫಾರಂಗಳು ಶಾಯಿ ಸಹಿಯವೇ ಆಗಿರಬೇಕು, ಕೊನೆಯ ದಿನದ 3ರೊಳಗೆ ತಲುಪಬೇಕು. ಅಭ್ಯರ್ಥಿ ಸಂವಿಧಾನಕ್ಕೆ ನಿಷ್ಠೆ ತೋರುವ ಪ್ರಮಾಣವಚನ ನಾಮಪತ್ರ ಪರಿಶೀಲನೆಯ ಹಿಂದಿನ ದಿನದೊಳಗೆ ಮುಗಿಯಬೇಕು, ನಾನಂತೂ ನಾಮಪತ್ರ ಕೊಟ್ಟಕೂಡಲೇ ಮಾಡಿಸಿಬಿಡುತ್ತೇನೆ.

ಗೆದ್ದ ಮೇಲೆ ಕೋಟು ಕಳಚಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬೇಕಿಲ್ಲ, ಶಾಸಕರು ವಕೀಲಿ ಮಾಡಬಹುದೆಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಚುನಾವಣಾ ಖರ್ಚಿಗೆ ಮಾತ್ರ ನಾಮಪತ್ರದ ಹಿಂದಿನ ದಿನದೊಳಗೆ ಬೇರೆಯೇ ಬ್ಯಾಂಕ್ ಖಾತೆ ತೆರೆದಿರಬೇಕು. ಗೆಲ್ಲಲಿ, ಸೋಲಲಿ, ಫಲಿತಾಂಶದಿಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ತಪ್ಪಿದರೆ ಚುನಾವಣಾ ಆಯೋಗ 3 ವರ್ಷ ಅನರ್ಹಗೊಳಿಸಬಹುದು.