ಕುರಿಯಿದ್ದೂ ಬದು ಉಳಿಯಿತು: ನನ್ನ ಅನುಭವ

ಉದ್ಯೋಗ ಖಾತ್ರಿಯಲ್ಲಿ ಹಾಕಿಸಿದ ಬದು ಎರಡನೆಯ ಮಳೆಗಾಲ ಕಾಣುವುದಿಲ್ಲ, ಕುರಿ ಸಾಕುವವನ ಹೊಲದಲ್ಲಂತೂ ಮೊದಲನೆಯದನ್ನೂ ಕಾಣುವುದಿಲ್ಲ ಎಂದು ನಮ್ಮೂರಿನಲ್ಲಿ ಹಲವರು ಹೇಳಿದ್ದರು. ಚಳ್ಳಕೆರೆ ಸೀಮೆಯ ನನ್ನ ಮೂರೂವರೆ ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲದ ಬದುಗಳು ನಾಲ್ಕು ಮಳೆಗಾಲ ಕಳೆದೂ ನಿಂತಿವೆ. ಅದೇ ಹೊಲದಲ್ಲಿ 40ರ ಆಸುಪಾಸು ಬಳ್ಳಾರಿ ತಳಿಯ ಕುರಿಗಳೂ ಇವೆ.

ಕೆಲಸ ನಡೆದದ್ದು 2022ರ ಬೇಸಿಗೆಯಲ್ಲಿ. ಆಗ ಕೂಲಿ ದಿನಕ್ಕೆ 309 ರೂಪಾಯಿ. ಜಾಬ್ ಕಾರ್ಡಿನಲ್ಲಿದ್ದ ಮನೆಮಂದಿಯೇ ಮಣ್ಣು ಹೊತ್ತದ್ದರಿಂದ 30 ಸಾವಿರದಷ್ಟು ನಮ್ಮ ಖಾತೆಗಳಿಗೇ ಬಂತು, ಕೊನೆಯ ಕಂತು ಮಾತ್ರ ತಿಂಗಳುಗಟ್ಟಲೆ ಕಾಯಿಸಿತು. ಆ ವರ್ಷದ ಮಳೆಯನ್ನು ಈ ಕಡೆಯವರು ಮರೆತಿರಲಾರರು. ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು ಅದೇ ವರ್ಷ. ನನ್ನ ಕೆಳಗಿನ ಬದು ಎರಡು ಕಡೆ ಒಡೆಯಿತು. ದುರಸ್ತಿಗೆ ಯೋಜನೆಯಿಂದ ಏನೂ ಸಿಗಲಿಲ್ಲ. ಮೂಲೆಗೆ ಕಲ್ಲು ಜೋಡಿಸಿ ನೀರು ಹೊರಹೋಗಲು ಕೋಡಿ ಬಿಡಿಸಿದ್ದಕ್ಕೆ ಕೈಯಿಂದ ಆರೇಳು ಸಾವಿರ ಹೋಯಿತು.

ಮರುವರ್ಷ ಬರ. ನರ್ಸರಿಯಿಂದ ತಂದು ಬದುವಿನ ಮೇಲೆ ನೆಟ್ಟ ಹೊಂಗೆ, ಬೇವಿನ ಸಸಿಗಳಲ್ಲಿ ಒಣಗದೆ ಉಳಿದವನ್ನು ಕುರಿಗಳು ಮುಗಿಸಿದವು. ಬೇಲಿ ಹಾಕುವ ಶಕ್ತಿ ನನಗಿರಲಿಲ್ಲ. ಆಗ ಆರಿಸಿಕೊಂಡದ್ದು ಗೊಬ್ಬರದ ಗಿಡವೆಂದು ನಾವು ಕರೆಯುವ ಗ್ಲಿರಿಸೀಡಿಯಾವನ್ನು. ಇದರ ಹಸಿ ಸೊಪ್ಪಿನ ವಾಸನೆಗೆ ರುಚಿ ಹತ್ತದ ಕುರಿ ಮೂಸಿ ಮುಂದೆ ಹೋಗುತ್ತದೆ. ಕೊಯ್ದು ಒಂದು ರಾತ್ರಿ ಬಾಡಿಸಿದರೆ ತಿನ್ನುತ್ತದೆ. ಅಂದರೆ ಬೇಲಿಯ ಖರ್ಚಿಲ್ಲದೆ ಮೇವಿನ ಗಿಡ ತಾನೇ ತನ್ನನ್ನು ಕಾಯ್ದುಕೊಳ್ಳುತ್ತದೆ. ರುಚಿ ಹತ್ತಿದ ಮೇಲೆ ಹಸಿಯದಕ್ಕೂ ಬಾಯಿ ಹಾಕುತ್ತವೆ, ಆದ್ದರಿಂದ ಗಿಡ ಕುರಿಯ ಬಾಯಿಗೆ ಸಿಗದಷ್ಟು ಎತ್ತರವಾಗುವವರೆಗೆ ನಾನು ಒಂದು ಹಿಡಿಯನ್ನೂ ತಿನ್ನಿಸಲಿಲ್ಲ. ಆಮೇಲೆ ಶೇಂಗಾ ಹೊಟ್ಟಿನಲ್ಲಿ ಬೆರೆಸಿ ವಾರದೊಳಗೆ ರೂಢಿ ಮಾಡಿಸಿದೆ. ಜೊತೆಗೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಗ್ಲಿರಿಸೀಡಿಯಾದ ಕಡ್ಡಿ ನೆಟ್ಟವುಗಳಲ್ಲಿ ಅರ್ಧಕ್ಕರ್ಧ ಒಣಗಿದವು. ಬೀಜದಿಂದ ಎಬ್ಬಿಸಿದ ಸಸಿಗಳ ತಾಯಿಬೇರು ಆಳಕ್ಕೆ ಇಳಿಯುವುದರಿಂದ ಬಹುಪಾಲು ಬದುಕಿದವು. ಬದುವಿನ ಇಳಿಜಾರಿಗೆ ಅಂಜನ್ ಹುಲ್ಲು. ಅದರ ಬೀಜ ಹತ್ತಿಯಷ್ಟು ಹಗುರವಾಗಿದ್ದು ಗಾಳಿಗೆ ಹಾರುತ್ತದೆ, ಸಗಣಿ ಮತ್ತು ಮಣ್ಣಿನಲ್ಲಿ ಉಂಡೆ ಮಾಡಿ ಎಸೆದರೆ ಮಾತ್ರ ನಿಲ್ಲುತ್ತದೆ. ಮೇವಿನ ಮರವಾದ ಸುಬಾಬುಲ್ಲನ್ನೂ ನೋಡಿದೆ, ಹೆಚ್ಚು ಹಾಕಿದ ಕುರಿಗಳ ಉಣ್ಣೆ ಉದುರಿತು, ಬಿಟ್ಟೆ.

ಉಣ್ಣೆಯ ಮಾತು ಬಂದದ್ದರಿಂದ ಇನ್ನೊಂದು ಪ್ರಯೋಗ ಹೇಳುತ್ತೇನೆ. ನಮ್ಮ ಒರಟು ಕರಿ ಉಣ್ಣೆಗೆ ಈಗ ಕತ್ತರಿಸುವ ಕೂಲಿಯೂ ಗಿಟ್ಟುವುದಿಲ್ಲ. ಅದನ್ನು ಸಸಿಯ ಬುಡಕ್ಕೆ ಅಂಗೈ ದಪ್ಪ ಹೊದಿಸಿ ನೀರು ಹಾಕಿದೆ. ಮೂರ್ನಾಲ್ಕು ದಿನ ಬಿಟ್ಟು ಎತ್ತಿ ನೋಡಿದರೂ ಕೆಳಗಿನ ಮಣ್ಣು ಬೆರಳಿಗೆ ತಣ್ಣಗೆ ಅಂಟುತ್ತಿತ್ತು, ಪಕ್ಕದ ಬರಿ ಬುಡ ಬಿರುಕು ಬಿಟ್ಟಿತ್ತು. ನಾಯಿಗಳು ಎಳೆದೊಯ್ಯುತ್ತವೆ, ಮೇಲೊಂದು ಕಲ್ಲು ಹೇರಬೇಕು.

ಮೊದಲು ಬೇಸಿಗೆ ಮೇವಿಗೆ ವರ್ಷಕ್ಕೆ 40 ಸಾವಿರದ ಹತ್ತಿರ ಖರ್ಚಾಗುತ್ತಿತ್ತು, ಹೋದ ವರ್ಷ 18 ಸಾವಿರದೊಳಗೆ ಮುಗಿಯಿತು. ಶಿರಾ ಸಂತೆಯಲ್ಲಿ ಮಾರಿದ ಟಗರುಗಳ ತೂಕವೂ ತುಸು ಏರಿದೆ. ಬದು ಉಳಿದ ಗುಟ್ಟೂ ಈ ಲೆಕ್ಕದಲ್ಲೇ ಇದೆ: ಮೇವು ಕೊಡುವ ಬದುವಿನಲ್ಲಿ ಇಲಿ ಬಿಲ ಕಂಡರೆ ಅಂದೇ ಮುಚ್ಚುತ್ತೇನೆ, ಬರಿ ಮಣ್ಣಿನ ಬದುವನ್ನು ನಾನೂ ತಿರುಗಿ ನೋಡುತ್ತಿರಲಿಲ್ಲ. ಯೋಜನೆಯವರು ಅಗೆತದ ಅಳತೆ ಬರೆದುಕೊಂಡು ಹೋಗುತ್ತಾರೆ, ಬದುವಿನ ಮೇಲೆ ಏನು ಬೆಳೆಯಬೇಕೆಂಬುದನ್ನು ಕುರಿಯವನೇ ನಿರ್ಧರಿಸಬೇಕು.

ಅಂದು ನಕ್ಕಿದ್ದವರಲ್ಲಿ ಕೆಲವರು ಈಗ ಕಡ್ಡಿ ಕೇಳಲು ಬರುತ್ತಾರೆ. ಕಡ್ಡಿ ಪುಕ್ಕಟೆ ಕೊಡುತ್ತೇನೆ, ಬೀಜಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತೇನೆ.